ಹೊಸ ತಳಿನ ಇಡೀ ಗದ್ದೆಗೆ ಹಾಕ್ತಾರೇನ್ಲಾ?

ಯಾವ ಫೋನ್ ತಗೊಳ್ಳಲಿ, ಯಾವ ಲ್ಯಾಪ್‌ಟಾಪ್ ತಗೊಳ್ಳಲಿ ಅಂತ ಜನ ನನ್ನನ್ನ ಕೇಳ್ತಾನೇ ಇರ್ತಾರೆ. ಸಾಫ್ಟ್‌ವೇರ್‌ನವನು ಅಂದ್ಮೇಲೆ ಇದೂ ಕೆಲಸದ ಒಂದು ಭಾಗ. ಎರಡು ನಿಮಿಷದಲ್ಲಿ ಏನೋ ಒಂದು ಹೇಳಿ ಕಳಿಸ್ತೀನಿ. ಆದ್ರೆ ಸೆಪ್ಟೆಂಬರ್‌ನಲ್ಲಿ ಅಕ್ಕ ಫೋನ್ ಮಾಡಿ ಕೇಳಿದ ಪ್ರಶ್ನೆಗೆ ಮೂರು ವಾರ ಉತ್ತರ ಕೊಡೋಕೆ ಆಗಲಿಲ್ಲ.

"ಪುಟ್ಟಂಗೆ ವಿಡಿಯೋ ಗೇಮ್ ಕೊಡಿಸ್ಬೇಕು ಕಣೋ. ಒಂದಿನ ಪಿಎಸ್ 5 ಅಂತಾನೆ. ಇನ್ನೊಂದಿನ ಅದ್ಯಾವುದೋ ಹೊಸದು ಬಂದಿದೆಯಂತೆ, ಅದು ಅಂತಾನೆ. ಯಾವುದು ಅಂತ ನೀನು ಹೇಳು."

ನಾನೇ ಕೊಡಿಸ್ತೀನಿ ಬಿಡು ಅಂದೆ. ಅಕ್ಕ ಒಪ್ಪಲಿಲ್ಲ. "ಏಳನೇ ಕ್ಲಾಸ್ ಮುಗಿಸು, ಕೊಡಿಸ್ತೀನಿ ಅಂತ ಅವರಪ್ಪ ಹೇಳಿದ್ದು. ನಾನೇ ಕೊಡಿಸ್ಬೇಕು. ಚೀಟಿ ದುಡ್ಡು ಬಂದಿದೆ. ನೀನು ಯಾವುದು ಅಂತ ಹೇಳು, ಸಾಕು."

ಭಾವ ಹೋಗಿ ಎರಡು ವರ್ಷ ಆಯ್ತು. ಅಕ್ಕ ಮತ್ತೆ ಪುಟ್ಟ ಈಗ ಅಪ್ಪನ ಜೊತೆ ಇದ್ದಾರೆ, ಮಂಡ್ಯದ ವಿ.ಸಿ. ಫಾರಂ ಪಕ್ಕದ ನಮ್ಮ ಮನೇಲಿ. ಪುಟ್ಟ ಈಗ ಎಂಟನೇ ಕ್ಲಾಸು. ಸ್ಕೂಲಿಂದ ಬಂದವನೇ ಫೋನ್ ಹಿಡ್ಕೊಂಡು ರೂಮಿಗೆ ಹೋದ್ರೆ ಊಟಕ್ಕೆ ಕರೆದಾಗಲೇ ಆಚೆ ಬರೋದು. ಮಾತು ಕಮ್ಮಿ. ಅವರಪ್ಪನ ವಿಷಯವಂತೂ ಬಾಯೇ ಬಿಡಲ್ಲ.

ಅಂದ್ರೆ ಅಕ್ಕ ಕೇಳ್ತಿದ್ದಿದ್ದು ಬರೀ ಒಂದು ಮಷೀನ್ ವಿಷಯ ಅಲ್ಲ. ಭಾವ ಹೇಳಿ ಹೋದ ಮಾತನ್ನ ಯಾವ ಡಬ್ಬದಲ್ಲಿ ಹಾಕಿ ಕೊಡೋದು ಅಂತ ಕೇಳ್ತಿದ್ಲು. ಅದು ತಪ್ಪಬಾರದಲ್ವಾ?

ಎರಡೂ ಪೆಟ್ಟಿಗೆಗಳ ಜಾತಕ

ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳ್ಬಿಡ್ತೀನಿ.

ಸೋನಿಯ ಪ್ಲೇಸ್ಟೇಷನ್ 5 ಬಂದಿದ್ದು 2020ರ ನವೆಂಬರ್‌ನಲ್ಲಿ. ನಮ್ಮ ದೇಶಕ್ಕೆ 2021ರ ಫೆಬ್ರವರಿ 2ಕ್ಕೆ ಬಂತು. ಪ್ರಪಂಚದಲ್ಲಿ 8 ಕೋಟಿಗೂ ಹೆಚ್ಚು ಮಾರಾಟವಾಗಿದೆ. ಬೇರೂರಿದ ಮರ ಅನ್ನಿ. 2024ರಲ್ಲಿ ಅದರ ತೆಳ್ಳಗಿನ ರೂಪ ಇಲ್ಲಿಗೆ ಬಂದಾಗ ಡಿಸ್ಕ್ ಹಾಕೋ ಮಾಡೆಲ್‌ಗೆ 54,990 ರೂಪಾಯಿ, ಡಿಸ್ಕ್ ಇಲ್ಲದ ಡಿಜಿಟಲ್ ಮಾಡೆಲ್‌ಗೆ 44,990 ರೂಪಾಯಿ ಇತ್ತು.

ನಿಂಟೆಂಡೊ ಸ್ವಿಚ್ 2 ಬಂದಿದ್ದು 2025ರ ಜೂನ್ 5ಕ್ಕೆ. ಇದನ್ನ ಟಿವಿಗೆ ಜೋಡಿಸಿಯೂ ಆಡಬಹುದು, ಬಿಚ್ಚಿ ಕೈಯಲ್ಲಿ ಹಿಡ್ಕೊಂಡೂ ಆಡಬಹುದು. ಎರಡೂ ಪಕ್ಕ ಅಂಟಿರೋ ಚಿಕ್ಕ ಕಂಟ್ರೋಲರ್‌ಗಳನ್ನ ಕಿತ್ತು ಒಬ್ಬೊಬ್ಬರು ಒಂದೊಂದು ಹಿಡ್ಕೊಂಡ್ರೆ ಇಬ್ಬರಿಗೆ ಆಟ ರೆಡಿ. ಬಂದಾಗ ಅಮೆರಿಕದಲ್ಲಿ ಬೆಲೆ 449.99 ಡಾಲರ್ ಇತ್ತು. ತೊಂದರೆ ಏನಪ್ಪಾ ಅಂದ್ರೆ, ನಿಂಟೆಂಡೊ ನಮ್ಮಲ್ಲಿ ಅಧಿಕೃತವಾಗಿ ವ್ಯಾಪಾರ ಮಾಡಲ್ಲ. ಹೊರದೇಶದಿಂದ ತಂದು ಮಾರೋರ ಹತ್ತಿರ ತಗೋಬೇಕು. ಅವರು ಹೇಳಿದ್ದೇ ರೇಟು, ಅವರು ಕೊಟ್ಟಿದ್ದೇ ಗ್ಯಾರಂಟಿ.

ನಾನು ಮೂರು ವಾರ ಮಾಡಿದ್ದು ಎಲ್ಲಾ ಎಂಜಿನಿಯರ್‌ಗಳೂ ಮಾಡೋದನ್ನೇ. ಎಕ್ಸೆಲ್ ಶೀಟು. ಎಡಗಡೆ ಒಂದು, ಬಲಗಡೆ ಒಂದು, ಮಧ್ಯ ಹತ್ತೊಂಬತ್ತು ಸಾಲು. ಪ್ರೊಸೆಸರ್, ಸ್ಟೋರೇಜ್, ರೆಸಲ್ಯೂಷನ್, ಬ್ಯಾಟರಿ. ಶಕ್ತಿ ಲೆಕ್ಕ ಹಾಕಿದ್ರೆ ಪಿಎಸ್ 5 ಮುಂದೆ, ಸೌಕರ್ಯ ಲೆಕ್ಕ ಹಾಕಿದ್ರೆ ಸ್ವಿಚ್ 2 ಮುಂದೆ. ತೀರ್ಮಾನ ಮಾತ್ರ ಎಲ್ಲೂ ಇಲ್ಲ.

ಅದನ್ನ ಫೋನ್‌ನಲ್ಲಿ ಅಪ್ಪನಿಗೆ ಹೇಳ್ತಿದ್ದೆ. ಎಲ್ಲಾ ಕೇಳಿಸ್ಕೊಂಡು ಅವರು ಒಂದೇ ಮಾತು ಕೇಳಿದ್ರು.

"ಹೊಸ ತಳಿ ಬಂತು ಅಂತ ಯಾರಾದ್ರೂ ಇಡೀ ಗದ್ದೆಗೆ ಹಾಕ್ತಾರೇನ್ಲಾ?"

ಚೆಕ್ ಅಂದ್ರೆ ಏನು ಗೊತ್ತಾ?

ಅಪ್ಪ ವಿ.ಸಿ. ಫಾರಂನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ವಿಜ್ಞಾನಿ ಅಲ್ಲ, ಗದ್ದೆಯ ಕೆಲಸದವರು. ವಿಜ್ಞಾನಿಗಳು ಕಾಗದದ ಮೇಲೆ ಬರೆದಿದ್ದನ್ನ ಕೆಸರಿಗಿಳಿದು ನಾಟಿ ಮಾಡ್ತಿದ್ದವರು. ವಿ.ಸಿ. ಅಂದ್ರೆ ವಿಶ್ವೇಶ್ವರಯ್ಯ ನಾಲೆ. ನಾಲೆ ನೀರು ಬಂದ್ಮೇಲೆ ಈ ಮಣ್ಣಿಗೆ ಯಾವ ಕಬ್ಬು, ಯಾವ ಭತ್ತ, ಯಾವ ರಾಗಿ ಒಗ್ಗುತ್ತೆ ಅಂತ ನೋಡ್ತಾ ಬಂದಿರೋ ಜಾಗ ಅದು.

ಅಲ್ಲಿ ಹೊಸ ತಳಿನ ಒಂದೇ ಬೆಳೆಸಿ ನೋಡಲ್ಲ. ಪಕ್ಕದಲ್ಲೇ ಹಳೇ ತಳಿಯ ತಾಕೂ ಇರುತ್ತೆ. ರೈತರು ಆಗಲೇ ಬೆಳೀತಿರೋ, ಎಲ್ಲರಿಗೂ ಗೊತ್ತಿರೋ ತಳಿ. ಅದಕ್ಕೆ 'ಚೆಕ್' ಅಂತಾರೆ. ಅದೇ ಮಣ್ಣು, ಅದೇ ನೀರು, ಅದೇ ಗೊಬ್ಬರ. ಹೊಸದು ಗೆಲ್ಲಬೇಕಾದ್ರೆ ಚೆಕ್ ತಳಿನ ಸೋಲಿಸ್ಬೇಕು. ಒಂದು ಜಾಗದಲ್ಲಿ ಗೆದ್ರೆ ಸಾಲದು, ಬೇರೆ ಬೇರೆ ಊರಲ್ಲೂ ಗೆಲ್ಲಬೇಕು. ಆಮೇಲೆ ರೈತರ ಗದ್ದೆ.

ನಮ್ಮ ಕಡೆ ಸಿಒ 62175 ಕಬ್ಬು ಎಷ್ಟೋ ವರ್ಷದಿಂದ ನಿಂತಿದೆ. ಫಾರಂನವರೇ ವಿಸಿಎಫ್ 0517 ಅಂತ ಹೊಸ ಕಬ್ಬು ಕೊಟ್ರು. ಆಗಲೂ ನಮ್ಮೂರಲ್ಲಿ ಬುದ್ಧಿ ಇರೋರು ಮಾಡಿದ್ದು ಇದನ್ನೇ: ಮೊದಲ ವರ್ಷ ಹತ್ತು ಗುಂಟೆಗೆ ಹಾಕಿ ನೋಡೋದು, ಇಲ್ಲಾ ಪಕ್ಕದ ಗದ್ದೆಯವನು ಹಾಕಿದ್ದನ್ನ ಬದು ಮೇಲೆ ನಿಂತು ನೋಡೋದು.

ನನ್ನ ಎಕ್ಸೆಲ್ ಶೀಟಲ್ಲಿ ಇಲ್ಲದೇ ಇದ್ದಿದ್ದು ಇದೇ ನೋಡಿ. ಹತ್ತೊಂಬತ್ತು ಸಾಲು ಇತ್ತು, ನಮ್ಮ ಮನೆಯ ಮಣ್ಣೇ ಇರಲಿಲ್ಲ.

ಹಾಲ್‌ನಲ್ಲಿ ಎರಡು ತಾಕು

ದಸರಾ ರಜೆಗೆ ನನ್ನ ಪಿಎಸ್ 5ನ ಬಟ್ಟೆ ಮಧ್ಯೆ ಸುತ್ತಿ ಬ್ಯಾಗಿಗೆ ಹಾಕ್ಕೊಂಡೆ. ಅಮೆರಿಕದಿಂದ ಬಂದ ಸಹೋದ್ಯೋಗಿಯೊಬ್ಬ ಸ್ವಿಚ್ 2 ತಂದಿದ್ದ. ಕೈಕಾಲು ಹಿಡಿದು ನಾಲ್ಕು ದಿನಕ್ಕೆ ಅದನ್ನೂ ಇಸ್ಕೊಂಡೆ. ಎರಡನ್ನೂ ಹಾಲ್‌ನಲ್ಲಿ ಒಂದೇ ಟಿವಿಗೆ ಜೋಡಿಸಿದೆ.

ಅಪ್ಪ ಹಳೇ ಡೈರಿ ತೆಗೆದು ಗೆರೆ ಎಳೆದ್ರು. ತಾಕು 1, ತಾಕು 2. ಯಾರು ಕೂತರು, ಎಷ್ಟು ಹೊತ್ತು, ಯಾಕೆ ಎದ್ದರು. ಕೊನೇ ಕಾಲಂಗೆ ಅವರೇ ಒಂದು ಹೆಸರು ಬರೆದ್ರು: ಒಬ್ಬನೇ / ಜೊತೆ.

ಮೊದಲ ಸಂಜೆ ತಾಕು 2, ಅಂದ್ರೆ ಸ್ವಿಚ್ 2, ಹೇಳೋ ಹಾಗೇ ಇಲ್ಲ. ಮಾರಿಯೋ ಕಾರ್ಟ್ ಹಾಕಿದ್ವಿ. ಜೀವನಪೂರ್ತಿ ಟ್ರ್ಯಾಕ್ಟರ್ ಓಡಿಸಿದ ಅಪ್ಪ ಗಾಡಿನ ಸೀದಾ ಗೋಡೆಗೆ ಗುದ್ದಿಸಿ, ಸ್ಟೇರಿಂಗ್ ಸರಿ ಇಲ್ಲ ಅಂದ್ರು. ಅಕ್ಕ ಎಷ್ಟು ನಕ್ಕಳು ಅಂದ್ರೆ ಸಾರು ಉಕ್ಕಿದ್ದು ಗೊತ್ತಾಗಲಿಲ್ಲ. ಅವಳು ಹಾಗೆ ನಕ್ಕಿದ್ದು ನೋಡಿ ಬಹಳ ದಿನ ಆಗಿತ್ತು. ಅರ್ಧದಲ್ಲಿ ಕರೆಂಟ್ ಹೋಯ್ತು. ಪುಟ್ಟ ಸ್ವಿಚ್‌ನ ಡಾಕ್‌ನಿಂದ ಎತ್ತಿ ಊಟದ ಟೇಬಲ್ ಮೇಲೆ ನಿಲ್ಲಿಸಿದ, ಆಟ ಮುಂದುವರೀತು. ಡೈರಿಯಲ್ಲಿ ಬಿತ್ತು: ನಾಲ್ಕು ಜನ, 1 ಗಂಟೆ 40 ನಿಮಿಷ, ಜೊತೆ.

ಎರಡನೇ ದಿನ ಪಿಎಸ್ 5 ಹಾಕಿದಾಗ ಕರೆಂಟ್ ಹೋಗಿದ್ದೇ ತಡ, ಮಷೀನೂ ಆಫ್. ಮತ್ತೆ ಆನ್ ಮಾಡಿದ್ರೆ 'ಸರಿಯಾಗಿ ಆಫ್ ಮಾಡಿಲ್ಲ' ಅಂತ ತಕರಾರು. ಮನೇಲಿ ಇನ್ವರ್ಟರ್ ಇದೆ, ಆದ್ರೆ ಅದು ಕೈ ಬದಲಾಯಿಸೋ ಅಷ್ಟು ಹೊತ್ತು ಪಿಎಸ್ 5 ತಡೀಲಿಲ್ಲ. ಹಿಂದೆ ನೋಡಿದೆ, ಯುಪಿಎಸ್ ಮೋಡ್‌ನ ಸ್ವಿಚ್ ಇತ್ತು. ಅದಕ್ಕೆ ತಿರುಗಿಸಿದ್ಮೇಲೆ ಆ ಕಾಟ ನಿಂತಿತು. ನಿಮ್ಮ ಮನೆ ಇನ್ವರ್ಟರ್‌ನಲ್ಲೂ ಇದೆಯಾ ನೋಡ್ಕೊಳ್ಳಿ.

ಎರಡು ದಿನಕ್ಕೆ ನನ್ನ ಮನಸ್ಸು ಸ್ವಿಚ್ 2 ಕಡೆ ವಾಲಿಬಿಟ್ಟಿತ್ತು. ಅಪ್ಪ ಒಪ್ಪಲಿಲ್ಲ. "ಹೊಸ ತಳಿ ಮೊದಲ್ನೇ ಬೆಳೆ ಚೆನ್ನಾಗೇ ಬತ್ತದೆ ಕಣ್ಲಾ. ಎಲ್ಲಾರೂ ಅದ್ರ ಮ್ಯಾಲೇ ಕಣ್ ಮಡಗಿರ್ತೀವಿ. ತಡಿ ಇನ್ನೂ."

ಹೋದ ತಾಕಿನ ಲೆಕ್ಕ

ಆ ರಾತ್ರಿ ಜಗಲಿ ಮೇಲೆ ಕೂತಿದ್ದಾಗ ಅಪ್ಪನಿಗೆ ಒಂದು ವಿಷಯ ಹೇಳಿದೆ. ಎಂಟು ವರ್ಷದಿಂದ ಹೇಳಿರಲಿಲ್ಲ.

2017ರಲ್ಲಿ ಮೊದಲ ಕೆಲಸ ಸಿಕ್ಕಾಗ ಹೊರದೇಶದಿಂದ ಒಂದು ಗೇಮ್ ಮಷೀನ್ ತರಿಸಿದ್ದೆ. ಹೆಸರು ಬೇಡ. ಅದು ಬಂದಾಗ ಇನ್ನು ಎಲ್ಲಾ ಇದೇ ಅಂತ ಇಂಟರ್ನೆಟ್ ತುಂಬಾ ಮಾತು. ಇಪ್ಪತ್ತಮೂರು ಸಾವಿರ ಕೊಟ್ಟಿದ್ದೆ. ಅಪ್ಪನಿಗೆ ನಾಲ್ಕು ಸಾವಿರ ಅಂದಿದ್ದೆ. ಮನೆ ತಾರಸಿಗೆ ಅವರು ಸಾಲ ಮಾಡಿದ್ದ ವರ್ಷ ಅದು. ಎಂಟು ತಿಂಗಳಿಗೆ ಕಂಟ್ರೋಲರ್ ಕೈಕೊಟ್ಟಿತು. ಇಲ್ಲಿ ರಿಪೇರಿ ಮಾಡೋರಿಲ್ಲ. ಅದಕ್ಕೆ ಹೊಸ ಗೇಮ್‌ಗಳು ಬರೋದೂ ನಿಂತಿತು. ಈಗಲೂ ಅಟ್ಟದ ಮೇಲಿದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. "ಫಾರಂನಲ್ಲಿ ಹೋದ್ ತಾಕಿನ ಲೆಕ್ಕಾನೂ ಬರೀತೀವಿ ಕಣ್ಲಾ. ಬರೀದಿದ್ರೆ ಬರೋ ವರ್ಷಾನೂ ಅದೇ ತಪ್ಪು ಮಾಡ್ತೀವಿ." ಬೈದಿದ್ರೆ ಚೆನ್ನಾಗಿರ್ತಿತ್ತು ಅನ್ನಿಸ್ತು.

ಹೋದ ತಾಕು ನನ್ನದೊಂದೇ ಅಲ್ಲ. ಸೇಗಾ ಕಂಪನಿಯ ಡ್ರೀಮ್‌ಕಾಸ್ಟ್ 1998ರ ನವೆಂಬರ್‌ನಲ್ಲಿ ಜಪಾನ್‌ನಲ್ಲಿ ಬಂತು. ಮಷೀನ್ ಕೆಟ್ಟದ್ದೇನಲ್ಲ, ಇಂಟರ್ನೆಟ್ ಜೋಡಿಸೋಕೆ ಮೋಡೆಮ್ ಕೂಡ ಅದರಲ್ಲೇ ಇತ್ತು. 2000ದಲ್ಲಿ ಪ್ಲೇಸ್ಟೇಷನ್ 2 ಬಂತು. 2001ರ ಜನವರಿಯಲ್ಲಿ ಇನ್ನು ಮಾಡಲ್ಲ ಅಂತ ಸೇಗಾ ಕೈ ಎತ್ತಿತು. ಗೂಗಲ್‌ನಂಥಾ ಗೂಗಲ್ 2019ರಲ್ಲಿ ಸ್ಟೇಡಿಯಾ ಶುರು ಮಾಡಿ 2023ರ ಜನವರಿ 18ಕ್ಕೆ ಬಾಗಿಲು ಹಾಕಿತು. ದುಡ್ಡು ವಾಪಸ್ ಕೊಟ್ಟರು, ನಿಜ. ಆದ್ರೆ ಆಡೋ ಜಾಗವೇ ಹೋಯ್ತಲ್ಲ.

ಹಾಗಂತ ಹೊಸದೆಲ್ಲಾ ಬೇಡ ಅಂದ್ರೆ ವಿ.ಸಿ. ಫಾರಂ ಯಾಕೆ ಬೇಕು? ಇದೇ ಫಾರಂನಲ್ಲಿ 'ರಾಗಿ ಲಕ್ಷ್ಮಣಯ್ಯ' ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ತಳಿ ಸಂಕರ ಮಾಡಿ 'ಇಂಡಾಫ್' ತಳಿಗಳನ್ನ ಕೊಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಅದನ್ನ ಬಿತ್ತೋ ಧೈರ್ಯ ರೈತರು ಮಾಡದೇ ಇದ್ದಿದ್ರೆ ಎಷ್ಟೋ ಮನೆಗಳ ಮುದ್ದೆ ಚಿಕ್ಕದಾಗ್ತಿತ್ತು. ಗೇಮ್ ಲೋಕದಲ್ಲೂ ಹಾಗೇ. 2006ರಲ್ಲಿ ಬಂದ ನಿಂಟೆಂಡೊ ವೀ ಶಕ್ತಿಯಲ್ಲಿ ಎಲ್ಲರಿಗಿಂತ ಹಿಂದೆ. ಆದ್ರೂ ಕೈ ಬೀಸಿ ಆಡೋ ಆಟದಿಂದ 10 ಕೋಟಿ ಮನೆ ಹೊಕ್ಕಿತು.

ಇಂಡಾಫ್‌ನಿಂದ ನಾನು ಕಲಿತಿದ್ದು ಏನಂದ್ರೆ, ನಿಲ್ಲೋ ಹೊಸದು ಹಳೇದನ್ನ ಒಳಗೆ ಇಟ್ಕೊಂಡಿರುತ್ತೆ. ಪ್ಲೇಸ್ಟೇಷನ್ 2 ಹಳೇ ಪ್ಲೇಸ್ಟೇಷನ್ ಗೇಮ್‌ಗಳನ್ನೂ ಓಡಿಸ್ತಿತ್ತು, ಡಿವಿಡಿ ಸಿನಿಮಾನೂ ಹಾಕ್ತಿತ್ತು. 15 ಕೋಟಿ ದಾಟಿತು. ಈ ವಿಷಯದಲ್ಲಿ ನಮ್ಮ ಎರಡು ತಾಕೂ ಪಾಸ್. ಪಿಎಸ್ 5ರಲ್ಲಿ ಬಹುತೇಕ ಪಿಎಸ್ 4 ಗೇಮ್‌ಗಳು ಓಡುತ್ವೆ, ಸ್ವಿಚ್ 2ರಲ್ಲಿ ಬಹುತೇಕ ಹಳೇ ಸ್ವಿಚ್ ಗೇಮ್‌ಗಳು ಓಡುತ್ವೆ.

ಬೀಜ ಯಾರದ್ದು?

ತೀರ್ಮಾನ ಆಗಿದ್ದು ಮೂರನೇ ದಿನ, ನಾವ್ಯಾರೂ ಲೆಕ್ಕಕ್ಕೆ ಇಟ್ಕೊಳ್ಳದ ವಿಷಯದಿಂದ.

ಮಾವ ಪಿಎಸ್ 5 ತಂದಿದ್ದಾರೆ ಅಂತ ಪುಟ್ಟ ಸ್ಕೂಲ್ ಗ್ರೂಪಲ್ಲಿ ಹಾಕಿದ್ದ. ಭಾನುವಾರ ಬೆಳಿಗ್ಗೆ ಇಬ್ಬರು ಹುಡುಗರು ಸೈಕಲ್ ಮೇಲೆ ಬಂದ್ರು. ಒಬ್ಬನ ಕೈಯಲ್ಲಿ ಕ್ರಿಕೆಟ್ ಗೇಮ್‌ನ ಡಿಸ್ಕ್. ಅದನ್ನ ಹಾಕಿ ಮೂವರೂ ಬದಲಾಯಿಸ್ಕೊಂಡು ಆಡಿದ್ರು. ಹೋಗುವಾಗ ನನ್ನದೊಂದು ಡಿಸ್ಕ್ ಕೇಳಿದ, ಕೊಟ್ಟೆ. ಅವನದ್ದು ನಮ್ಮಲ್ಲಿ ಉಳೀತು.

ಅಪ್ಪ ಇದನ್ನ ಬಹಳ ಆಸಕ್ತಿಯಿಂದ ನೋಡ್ತಿದ್ರು. "ಡಿಸ್ಕ್ ಇಲ್ದೇ ಇರೋ ಮಾಡೆಲ್ ಹತ್ತು ಸಾವಿರ ಕಮ್ಮಿ ಅಂದ್ಯಲ್ಲ, ಅದ್ರಲ್ಲಿ ಹಿಂಗೆ ಕೊಟ್ ತಗಳಕ್ಕೆ ಆಯ್ತದಾ?"

ಇಲ್ಲಪ್ಪ, ಅದರಲ್ಲಿ ಕಂಪನಿಯ ಅಂಗಡಿಯಿಂದಲೇ ಡೌನ್‌ಲೋಡ್ ಮಾಡ್ಕೋಬೇಕು. ನಮ್ಮ ಹೆಸರಿಗೇ ಇರುತ್ತೆ, ಇನ್ನೊಬ್ಬರಿಗೆ ಕೊಡೋಕಾಗಲ್ಲ, ಮಾರೋಕೂ ಆಗಲ್ಲ ಅಂದೆ.

"ಓ, ಹೈಬ್ರಿಡ್ ಬೀಜ ಅನ್ನು."

ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ. ಹೈಬ್ರಿಡ್ ಭತ್ತ ಕೂಡ ಈ ಫಾರಂನಲ್ಲೇ ಬೆಳೆದ ಮಗು. ಕೆಆರ್‌ಎಚ್ 2, ಕೆಆರ್‌ಎಚ್ 4 ಇಲ್ಲಿಂದಲೇ ಹೋದವು. ಇಳುವರಿ ಚೆನ್ನಾಗಿದೆ. ಆದ್ರೆ ಅದರಲ್ಲಿ ಬೆಳೆದ ಭತ್ತವನ್ನ ಮತ್ತೆ ಬಿತ್ತನೆಗೆ ಇಟ್ಕೊಂಡ್ರೆ ಮುಂದಿನ ಬೆಳೆ ಒಂದೇ ಸಮ ಬರಲ್ಲ, ಇಳುವರಿನೂ ಬಿದ್ದುಹೋಗುತ್ತೆ. ಪ್ರತಿ ಬೆಳೆಗೂ ಹೊಸ ಬೀಜ ಕೊಳ್ಳಬೇಕು. ಮಾಮೂಲಿ ತಳಿ ಹಾಗಲ್ಲ. ನಿಮ್ಮ ಕಣಜದಲ್ಲಿ ಎತ್ತಿಡಬಹುದು, ಪಕ್ಕದ ಮನೆಯವರಿಗೆ ನಾಲ್ಕು ಸೇರು ಕೊಡಬಹುದು.

ಹೈಬ್ರಿಡ್ ತಪ್ಪು ಅಂತ ಅಲ್ಲ. ಲೆಕ್ಕ ಗೊತ್ತಿರಬೇಕು ಅಷ್ಟೇ. ಹತ್ತು ಸಾವಿರ ಉಳೀತು ಅಂತ ಡಿಜಿಟಲ್ ತಗೊಂಡ್ರೆ, ಆಮೇಲೆ ಪ್ರತಿ ಗೇಮ್‌ಗೂ ದುಡ್ಡು ಕೊಡ್ತಾ ಇರ್ಬೇಕು. ಸ್ವಿಚ್ 2ರಲ್ಲಿ ಕೊಟ್ಟು ತಗೊಳ್ಳೋ ಕಾರ್ಡ್‌ಗಳು ಇವೆ, ಆದ್ರೆ ಪುಟ್ಟನ ಸ್ಕೂಲಲ್ಲಿ ಸ್ವಿಚ್ ಇರೋರು ಯಾರೂ ಇಲ್ಲ. ಮಾರಿಯೋ ಕಾರ್ಟ್‌ನ ಹೊಸ ಗೇಮ್‌ಗೆ ಅಮೆರಿಕದಲ್ಲೇ 79.99 ಡಾಲರ್. ನಮ್ಮ ದುಡ್ಡಲ್ಲಿ ಸುಮಾರು 7,000 ರೂಪಾಯಿ. ಅಕ್ಕ ವರ್ಷಕ್ಕೆ ಇಂಥವು ಎಷ್ಟು ಕೊಡಿಸ್ತಾಳೆ?

ಅವತ್ತು ರಾತ್ರಿ ಹನ್ನೊಂದೂವರೆಗೆ ನೀರು ಕುಡಿಯೋಕೆ ಎದ್ದೆ. ಪುಟ್ಟನ ರೂಮಲ್ಲಿ ಹೊದಿಕೆ ಒಳಗೆ ಬೆಳಕು. ಸ್ವಿಚ್ 2. ಹೊಸ ಮಷೀನ್‌ನ ದೊಡ್ಡ ಗುಣವೇ ನಮ್ಮ ಮನೆಯಲ್ಲಿ ಅದರ ದೊಡ್ಡ ದೋಷ ಆಗಿತ್ತು. ಎತ್ಕೊಂಡು ಎಲ್ಲಿಗೆ ಬೇಕಾದ್ರೂ ಹೋಗಬಹುದು, ಒಬ್ಬನೇ ಹೋಗೋಕೂ ಆಗುತ್ತೆ.

ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ತಾಕು 2ರ ಕೊನೇ ಕಾಲಂನಲ್ಲಿ ಅವರು ಬರೆದ್ರು: ಒಬ್ಬನೇ.

ನಿಮ್ಮ ಮಣ್ಣು ಯಾವುದು?

ಇದನ್ನ ಓದಿ ಎಲ್ಲರೂ ಪಿಎಸ್ 5 ತಗೊಳ್ಳಿ ಅಂತ ನಾನು ಹೇಳ್ತಿಲ್ಲ. ನೀವು ಬೆಂಗಳೂರಲ್ಲಿ ಪಿಜಿಯಲ್ಲಿದ್ದು, ರೂಮಲ್ಲಿ ಟಿವಿ ಇಲ್ಲದೆ, ವಾರಕ್ಕೊಮ್ಮೆ ರೈಲಲ್ಲಿ ಊರಿಗೆ ಹೋಗೋರಾದ್ರೆ ಸ್ವಿಚ್ 2 ನಿಮಗೇ ಮಾಡಿದ ಹಾಗಿದೆ. ಆದ್ರೆ ದುಡ್ಡು ಕೊಡೋ ಮುಂಚೆ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ.

ಹಳೇ ಬೀಜ ಇದರಲ್ಲಿ ಮೊಳೆಯುತ್ತಾ? ಅಂದ್ರೆ ಹಿಂದಿನ ಗೇಮ್‌ಗಳು ಓಡುತ್ವಾ?

ಬೀಜ ಕೊಟ್ಟು ತಗೊಳ್ಳೋಕೆ ಆಗುತ್ತಾ? ಅದೇ ಮಷೀನ್ ಇರೋರು ನಿಮ್ಮ ಸುತ್ತ ಯಾರಿದ್ದಾರೆ?

ರೋಗ ಬಂದ್ರೆ ಔಷಧಿ ಎಲ್ಲಿ? ವಾರಂಟಿ ಇದೆಯಾ, ಬಿಲ್ ಕೊಡ್ತಾರಾ, ಸರ್ವಿಸ್ ಸೆಂಟರ್ ಎಷ್ಟು ದೂರ?

ಕೊನೇದು, ಆಡುವಾಗ ಪಕ್ಕದಲ್ಲಿ ಯಾರು ಕೂತಿರ್ತಾರೆ?

ಆಗೋ ಹಾಗಿದ್ರೆ ಒಂದು ವಾರಾಂತ್ಯಕ್ಕೆ ಯಾರದ್ದಾದ್ರೂ ಇಸ್ಕೊಂಡು ಬನ್ನಿ. ಮೊದಲ ಸಂಜೆಯ ಖುಷಿ ನೋಡಿ ತೀರ್ಮಾನ ಮಾಡಬೇಡಿ, ಮೂರನೇ ದಿನ ನೋಡಿ.

ದೀಪಾವಳಿಗೆ ಅಕ್ಕ ಡಿಸ್ಕ್ ಹಾಕೋ ಪಿಎಸ್ 5 ತಗೊಂಡಳು, ಚೀಟಿ ದುಡ್ಡಲ್ಲೇ. ಪೆಟ್ಟಿಗೆಯಲ್ಲಿ ಬರೋದು ಒಂದೇ ಕಂಟ್ರೋಲರ್. ಎರಡನೇದನ್ನ ನಾನು ಕೊಡಿಸಿದೆ, ಅದಕ್ಕೆ ಅವಳು ಬೇಡ ಅನ್ನಲಿಲ್ಲ. ಮಾರಿಯೋ ಕಾರ್ಟ್ ಇಲ್ಲ ಅಂತ ಅಪ್ಪನಿಗೆ ಸ್ವಲ್ಪ ಬೇಜಾರು. ನನಗೂ ಅಷ್ಟೇ. ಆ ಮೊದಲ ಸಂಜೆಯ ನಗು ಇದರಲ್ಲಿ ಇನ್ನೂ ಬಂದಿಲ್ಲ. ಅದನ್ನ ಮುಚ್ಚಿಟ್ಟು ಬರೆದ್ರೆ ಲೆಕ್ಕ ತಪ್ಪುತ್ತೆ.

ಹೋದ ವಾರ ಅಪ್ಪ ಫೋನ್ ಮಾಡಿದ್ರು. ಡೈರಿ ಮುಚ್ಚಿಲ್ಲ ಅವರು, ಓದಿ ಹೇಳಿದ್ರು. "ಇವತ್ತು ಮೂರು ಹುಡುಗ್ರು ಬಂದಿದ್ರು. ಒಂದು ಡಿಸ್ಕ್ ಹೋಯ್ತು, ಒಂದು ಬಂತು."

ಆಮೇಲೆ ದನಿ ತಗ್ಗಿಸಿ ಅಂದ್ರು, "ಹೊಸದಾಗಿ ಬಂದ ಹುಡುಗ ಯಾರು ಕೊಡಿಸಿದ್ದು ಅಂತ ಕೇಳ್ದ ಕಣ್ಲಾ. ನಮ್ಮಪ್ಪ ಕೊಡಿಸ್ತೀನಿ ಅಂದಿದ್ರು, ನಮ್ಮಮ್ಮ ಕೊಡಿಸಿದ್ರು ಅಂದ ಪುಟ್ಟ. ಅಷ್ಟೇ ಅಂದಿದ್ದು. ಆಮೇಲೆ ಆಡಕ್ಕೆ ಕೂತ್ಕಂಡ."